ಚಿಕ್ಕಮ್ಮ ಕುಡಿದ ಮೊದಲ ಗುಟುಕು

ಟೈಲರಮ್ಮನಿಗೆ ಹೊಲಿಗೆ ಎಂದರೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಬೀದಿಯ ಅರ್ಧಕ್ಕರ್ಧ ಮಕ್ಕಳ ಶಾಲೆಯ ಯೂನಿಫಾರಂ ಅವಳ ಮಷಿನ್ನಿನಿಂದಲೇ ಬಂದದ್ದು. ಅಂಥವಳು ಈ ವಾರವೆಲ್ಲ ಬಲದ ತೋಳನ್ನು ಎಡಕ್ಕೆ ಕೂಡಿಸಿ, ಹೊಲಿದದ್ದನ್ನೇ ಬಿಚ್ಚುತ್ತ, ತನ್ನನ್ನು ತಾನೇ ಬೈದುಕೊಳ್ಳುತ್ತ ಕೂತಿದ್ದಳು. ಕಾರಣ ಒಂದು ಲೋಟ ಹಾಲು.

ಹೆಂಡತಿ ತೀರಿಕೊಂಡಿದ್ದ ಬಸ್ ಡ್ರೈವರನ್ನು ಮದುವೆಯಾಗಿ ಅವಳು ಈ ಮನೆಗೆ ಬಂದಾಗ ಅವನ ಮಗಳಿಗೆ ಆರು ವರ್ಷ. ಮಂಚದ ಕೆಳಗೆ ಅಡಗಿ ಕೂರುತ್ತಿದ್ದ ಮಗು. ಚೂರುಬಟ್ಟೆಯಲ್ಲಿ ಗೊಂಬೆ ಹೊಲಿದುಕೊಟ್ಟು, ತಲೆ ಬಾಚಿ, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡು, ಅಂತೂ ಇಂತೂ ಹತ್ತಿರ ಮಾಡಿಕೊಂಡಿದ್ದಳು. ಈಗ ಅದೆಲ್ಲ ಮಣ್ಣುಪಾಲಾಗಿತ್ತು.

ಮಾಡಿದವನು ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಮ್ಮ. ಪತ್ರಿಕೆಗೆ ಕೋರ್ಟಿನ ಸುದ್ದಿ ಬರೆಯುವ ಮಹಾಶಯ. ಅಷ್ಟು ಬರೆದುಕೊಂಡು ತೆಪ್ಪಗಿರಬಾರದೇ? ಕೋರ್ಟಿನಲ್ಲಿ ಕೇಳಿದ ಒಂದು ಕೊಲೆಯನ್ನು ಅಜ್ಜಿ ಹೇಳುತ್ತಿದ್ದ ಕಥೆಗೆ ಬೆರೆಸಿ ಕಾದಂಬರಿ ಮಾಡಿದ್ದ. ಕಾಡಿನಂಚಿನ ಮನೆ, ತಬ್ಬಲಿ ಹುಡುಗಿ, ನಗುನಗುತ್ತಲೇ ಹಾಲಿಗೆ ವಿಷ ಹಾಕುವ ಮಲತಾಯಿ. ಓದಿದವರೆಲ್ಲ ಮೈ ಜುಮ್ಮೆನ್ನುತ್ತದೆ ಎಂದು ಹೊಗಳಿದ್ದೇ ಹೊಗಳಿದ್ದು. ಅಕ್ಕನಿಗೂ ಒಂದು ಪ್ರತಿ ತಂದುಕೊಟ್ಟ. ಅದನ್ನು ಓದಿದವಳು ಮಾತ್ರ ಈಗ ಹನ್ನೊಂದಾಗಿರುವ ಮಗಳು.

ಅಂದಿನಿಂದ ಹಾಲು ಕೊಟ್ಟಾಗಲೆಲ್ಲ "ನೀನು ಮೊದಲು ಕುಡಿ ಚಿಕ್ಕಮ್ಮ" ಎಂದು ಶುರುವಾಯಿತು. ಇವಳು ಒಂದು ಗುಟುಕು ಕುಡಿದು ತೋರಿಸಬೇಕು. ಹುಡುಗಿ ಇವಳ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾಯುತ್ತಾಳೆ, ಆಮೇಲೆ ಲೋಟ ಮುಟ್ಟುತ್ತಾಳೆ. ಗಂಡನಿಗೆ ಹೇಳಿದರೆ, "ಮಕ್ಕಳಾಟ, ಬಿಡು" ಎಂದು ನಕ್ಕ. ಅವನಿಗೇನಂತೆ, ಕಥೆಗಳಲ್ಲಿ ಅಪ್ಪಂದಿರು ಯಾವಾಗಲೂ ಬೇಟೆಗೆ ಹೋಗಿರುತ್ತಾರೆ.

ಭಾನುವಾರ ತಮ್ಮ ಬಂದ. ಅವನನ್ನು ಹೊಲಿಗೆಯ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಏನೋ ಇದು? ರಾಜರಾಣಿ ಕಾಲದಿಂದ ಮಲತಾಯಿನೇ ವಿಷ ಹಾಕ್ತಾ ಬಂದಿದಾಳೆ. ನಿಮಗೆ ಬೇರೆ ಯಾರೂ ಸಿಗೋದೇ ಇಲ್ವಾ?"

"ಮಲತಾಯಿ ಅಂದ್ರೆ ಸಾಕು ಅಕ್ಕ, ಓದೋರಿಗೆ ಭಯ ತಾನಾಗೇ ಹುಟ್ಟುತ್ತೆ. ಚಿಕ್ಕಂದಿನಲ್ಲಿ ಕೇಳಿದ ಕಥೆ ಒಳಗೆ ಇರುತ್ತಲ್ಲ."

"ಕೋರ್ಟಲ್ಲಿ ಬಂದಿದ್ದೂ ಹಾಗೇನಾ?"

ತಮ್ಮ ತಲೆ ಕೆರೆದುಕೊಂಡ. "ಇಲ್ಲ. ವಿಷ ಹಾಕಿದ್ದು ಸ್ವಂತ ಅಪ್ಪ. ಮಗೂನ ಎತ್ಕೊಂಡು ಆಸ್ಪತ್ರೆಗೆ ಓಡಿದ್ದು ಮಲತಾಯಿ. ಪೊಲೀಸರಿಗೆ ದೂರು ಕೊಟ್ಟಿದ್ದೂ ಅವಳೇ."

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಎತ್ಕೊಂಡು ಓಡಿದವಳ ಕೈಗೇ ವಿಷ ಕೊಟ್ಯಲ್ಲೋ, ನಿನಗೇನು ಹೇಳ್ಲಿ ನಾನು. ನಡಿ, ಈಗಲೇ ಇದನ್ನ ಪುಟ್ಟಿ ಮುಂದೆ ಹೇಳು."

ಹೊರಗೆ ಡ್ರೈವರು ಆಗತಾನೇ ಡ್ಯೂಟಿ ಮುಗಿಸಿ ಬಂದು ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಮಗಳು ಅವನ ಕಾಲಿಗೆ ಒರಗಿ ಕೂತು, ಅವನು ಅರ್ಧ ಕುಡಿದು ಇಟ್ಟ ಚಹಾದ ಲೋಟ ಎತ್ತಿಕೊಂಡು ಹಿಂದೆ ಮುಂದೆ ನೋಡದೆ ಗಟಗಟ ಕುಡಿದಳು. ಅದನ್ನು ನೋಡಿ ಟೈಲರಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ನಾಳೆಯಿಂದ ಈ ಲೋಟಕ್ಕೂ ಹುಡುಗಿ ಕಾಯುವಂತಾಗಬೇಕೇ?

"ಪುಟ್ಟಿ, ನನ್ನ ಕಥೇಲಿ ನಿಜವಾಗಿ ವಿಷ ಹಾಕಿದ್ದು..." ಎಂದು ತಮ್ಮ ಶುರು ಮಾಡಿಯೇಬಿಟ್ಟ. ಅಕ್ಕ ಅವನ ತೋಳು ಜಿಗುಟಿದಳು.

"ಸಾಕು ಸುಮ್ನಿರು."

"ನೀನೇ ತಾನೇ ಹೇಳು ಅಂದಿದ್ದು?"

"ಬೇಡ ಅಂತಿರೋದೂ ನಾನೇ."

"ಯಾರು ಹಾಕಿದ್ದು ಮಾಮ?" ಹುಡುಗಿ ಖಾಲಿ ಲೋಟವನ್ನು ಅಪ್ಪನ ಕುರ್ಚಿಯ ಪಕ್ಕದಲ್ಲಿಟ್ಟು ಕೇಳಿದಳು.

ತಮ್ಮ ಬಾಯಿ ಬಿಡುವುದರೊಳಗೆ ಟೈಲರಮ್ಮನೇ ಹೇಳಿದಳು. "ಮಲತಾಯಿನೇ ಕಣೇ. ಪುಸ್ತಕದಲ್ಲಿ ಇದೆಯಲ್ಲ, ಹಾಗೇ."

ಇನ್ನು ಅಲ್ಲಿ ನಿಂತರೆ ಅಳು ಬರುತ್ತಿತ್ತು. ಅಡುಗೆಮನೆಗೆ ಹೋಗಿ ಹಾಲು ಬಿಸಿ ಮಾಡಿ ತಂದಳು. ಮಗಳು ಕೇಳುವ ಮೊದಲೇ ತಾನೇ ಒಂದು ಗುಟುಕು ಕುಡಿದು ಲೋಟ ಮುಂದಿಟ್ಟಳು. ಹುಡುಗಿ ಎಂದಿನಂತೆ ಅವಳ ಮುಖವನ್ನೇ ನೋಡುತ್ತ ಕಾದಳು.

"ಸತ್ತಿಲ್ಲ ಕಣೇ," ಎಂದಳು ಟೈಲರಮ್ಮ. "ಕುಡಿ, ಆರಿ ಹೋಗ್ತಿದೆ."