ಚಿಗವ್ವನಿಗೊಂದು ಹಾಸ್ಟೆಲ್ ಬೇಕಿತ್ತು

ಹೊಟ್ಟೆ ಚುರುಗುಡುತ್ತಿರುವಾಗಲೂ ನಗುನಗುತ್ತಾ 'ಊಟ ಆಗೇತ್ರಿ' ಎಂದು ಸುಳ್ಳು ಹೇಳುವ ಸ್ಪರ್ಧೆ ಇಟ್ಟರೆ, ಚಿನ್ನದ ಪದಕ ನಮ್ಮ ಬಾಗಲಕೋಟೆ ಕಡೆಯವರಿಗೇ. ಬೆಳ್ಳಿ, ಕಂಚು ಕೂಡ ಹೊರಗೆ ಹೋಗುವುದಿಲ್ಲ.

ಯಾರ ಮನೆಗೆ ಹೋದರೂ ಅವರು 'ಊಟಕ್ಕ ಏಳ್ರಿ' ಅನ್ನಬೇಕು. ನಾವು 'ಈಗ ಆತ್ರಿ' ಅನ್ನಬೇಕು. ಅವರು ನಂಬಬಾರದು. ಇದು ಹುಟ್ಟಿನಿಂದ ಬಂದ ಅಭ್ಯಾಸ, ಬಾಯಿಗೆ ಮೆದುಳಿನ ಪರ್ಮಿಷನ್ ಬೇಕಾಗಿಲ್ಲ. ಆದರೆ ಊಟದ ರುಚಿ ನೋಡುವುದಕ್ಕೆಂದೇ ಬೆಳಿಗ್ಗೆಯಿಂದ ಹಸಿದುಕೊಂಡು ಹೋದ ಜಾಗದಲ್ಲೂ ಹಾಗೆಯೇ ಹೇಳಿದ ಜಾಣರನ್ನು ನೋಡಿದ್ದೀರಾ? ಇಲ್ಲವಾದರೆ ಈ ಅಂಕಣದ ಮೇಲಿರುವ ನನ್ನ ಫೋಟೋ ನೋಡಿಕೊಳ್ಳಿ. ಪಕ್ಕದಲ್ಲಿ ನಮ್ಮ ಚಿಗವ್ವನನ್ನು ನೀವೇ ಊಹಿಸಿಕೊಳ್ಳಿ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಹುನಗುಂದದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ರಿಟೈರ್ ಆದವಳು. ಮದುವೆ ಮಾಡಿಕೊಳ್ಳಲಿಲ್ಲ. (ಯಾಕೆ ಎಂದು ಕೇಳಿದವರಿಗೆಲ್ಲ, 'ನೂರ ಹೆಣ್ಮಕ್ಕಳ್ನ ಸಂಭಾಳಸ್ತೇನಿ, ಮತ್ತೊಬ್ಬ ಗಂಡಸಿನ ಉಸಾಬರಿ ಯಾಕ?' ಎನ್ನುತ್ತಿದ್ದಳು.) ರಿಟೈರ್ ಆದಮೇಲೂ ಅದೇ ಊರಲ್ಲಿ ಬಾಡಿಗೆ ಮನೆ ಹಿಡಿದು ಆರಾಮವಾಗಿದ್ದಳು. ಈಗ ಮಾಲೀಕರು ಆ ಮನೆ ಕೆಡವಿ ಹೊಸದಾಗಿ ಕಟ್ಟಿಸುತ್ತೇವೆ, ಖಾಲಿ ಮಾಡಿ ಅಂದರು. ಅದೇ ಹೊತ್ತಿಗೆ ಅವಳ ಮೊಣಕಾಲು ಕೂಡ ಕೈಕೊಟ್ಟಿತು.

ನಾನು ಕೂಡಲೇ ಫೋನ್ ಮಾಡಿದೆ. 'ಸಾಮಾನು ಕಟ್ಟು, ನವನಗರಕ್ಕ ನಮ್ಮ ಮನಿಗೆ ಬಂದ್ಬಿಡು.'

'ಏ, ನಾ ಹಾಸ್ಟೆಲ್‌ನ್ಯಾಗ ಇರಾಕಿ,' ಅಂದಳು ಚಿಗವ್ವ. 'ಈಗ ವಯಸ್ಸಾದವರಿಗೂ ಹಾಸ್ಟೆಲ್ ಇರ್ತಾವಲ್ಲ, ಅಂಥಾದೊಂದು ಹುಡುಕು.'

ವೃದ್ಧಾಶ್ರಮ! ನನ್ನ ಗಂಡ 'ಮಂದಿ ಏನಂತಾರ?' ಎಂದು ತಲೆಯ ಮೇಲೆ ಕೈ ಇಟ್ಟುಕೊಂಡರು. ನನಗೆ ಮಂದಿಯ ಚಿಂತೆ ಇರಲಿಲ್ಲ. ಚಿಗವ್ವ ನನ್ನ ಜೊತೆ ಇರಬೇಕು, ಅಷ್ಟೇ. ಅವ್ವ ಹೋದಮೇಲೆ ನನ್ನನ್ನು ಹಕ್ಕಿನಿಂದ ಬೈಯುವವಳು ಅವಳೊಬ್ಬಳೇ ಉಳಿದಿದ್ದಾಳೆ. ಐವತ್ತು ದಾಟಿದ ಮೇಲೆ ಬೈಯುವವರು ಸಿಗುವುದು ಎಷ್ಟು ಕಷ್ಟ ಎನ್ನುವುದು ನಿಮಗೂ ಗೊತ್ತು.

ಬೇಡ ಅಂದರೆ ಕೇಳುವವಳಲ್ಲ. ಹಾಗಾಗಿ ಒಂದು ಕರಾರು ಮಾಡಿಕೊಂಡೆವು. ಅವಳು ಸದ್ಯಕ್ಕೆ ನಮ್ಮಲ್ಲಿಗೆ ಬಂದಿರುವುದು, ಇಬ್ಬರೂ ಸೇರಿ ಆಶ್ರಮ ನೋಡುವುದು. ಇಬ್ಬರಿಗೂ ಒಪ್ಪಿಗೆಯಾದರೆ ಅಲ್ಲಿ, ಇಲ್ಲದಿದ್ದರೆ ನಮ್ಮ ಮನೆ. ನನ್ನ ಲೆಕ್ಕಾಚಾರ ಬಹಳ ಸರಳ. ನಾನು ಒಪ್ಪದಿದ್ದರೆ ಮುಗಿಯಿತಲ್ಲ!

ಮೊದಲು ನೋಡಿದ್ದು ಊರ ಹೊರಗಿನ ಹೊಸ ಬಿಲ್ಡಿಂಗಿನ ಒಂದು ಆಶ್ರಮ. (ಹೆಸರು ಬೇಡ.) ಫೋನ್ ಮಾಡಿ, ಟೈಮ್ ಕೇಳಿಯೇ ಹೋಗಿದ್ದೆವು. ಗೇಟು ದಾಟುತ್ತಿದ್ದಂತೆ ಚಿಗವ್ವ ಮೂಗರಳಿಸಿದಳು.

'ಫಿನೈಲ್ ಭಾಳ ಹೊಡದಾರ,' ಎಂದು ಪಿಸುಗುಟ್ಟಿದಳು. 'ಸಾಹೇಬ್ರು ಇನ್ಸ್‌ಪೆಕ್ಷನ್‌ಗೆ ಬರೋ ದಿನ ನಾನೂ ಹಿಂಗ ಹೊಡಸ್ತಿದ್ದೆ.'

ಒಳಗೆ ಟೈಲ್ಸು ಫಳಫಳ. ಮೂಲೆ ಮೂಲೆಗೂ ಕ್ಯಾಮೆರಾ. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು. ವ್ಹೀಲ್‌ಚೇರಿನ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಿರಲಿಲ್ಲ. ಮಂಚದ ಮೇಲಿನ ಚಾದರಗಳಲ್ಲಿ ಅಂಗಡಿಯ ಮಡಿಕೆ ಹಾಗೇ ಇತ್ತು. ಚಿಗವ್ವ ಒಂದನ್ನು ಮುಟ್ಟಿ ನೋಡಿ ಮುಸಿಮುಸಿ ನಕ್ಕಳು. ನೌಕರಿ ಉದ್ದಕ್ಕೂ ಇದೇ ನಾಟಕವನ್ನು ತಾನೇ ಆಡಿಸಿದವಳಿಗೆ ಪರದೆಯ ಹಿಂದೆ ಏನಿದೆ ಎಂದು ಬೇರೆಯವರು ಹೇಳಬೇಕೇ?

ಸುಳ್ಳು ಯಾಕೆ ಹೇಳಲಿ, ಜಾಗ ಕೆಟ್ಟದ್ದೇನೂ ಅಲ್ಲ. ನರ್ಸ್ ಇದ್ದಳು. ಔಷಧಿ ಹೊತ್ತುಹೊತ್ತಿಗೆ ಕೊಡುತ್ತಿದ್ದರು. ಹಿರಿಯರೆಲ್ಲ ಹಾಲ್‌ನಲ್ಲಿ ಸಾಲಾಗಿ ಕೂತಿದ್ದರು. ಊಟ ಹೇಗಿದೆ ಎಂದು ಒಬ್ಬೊಬ್ಬರನ್ನೇ ಕೇಳಿದೆ. 'ಛಲೋ ಐತ್ರಿ.' 'ಛಲೋ ಐತ್ರಿ.' 'ಭಾಳ ಛಲೋ ಐತ್ರಿ.' ಇದೂ ನನ್ನದೇ ದಡ್ಡತನ. ಬೇರೆಯವರು ಬಡಿಸಿದ ಅನ್ನವನ್ನು ಅಪರಿಚಿತರ ಮುಂದೆ ಆಡಿಕೊಳ್ಳುವವರು ನಮ್ಮ ಕಡೆ ಯಾರಿದ್ದಾರೆ?

ಸಾಲಿನ ಕೊನೆಯಲ್ಲಿದ್ದ ಇಳಕಲ್ಲಿನ ಅಜ್ಜರೊಬ್ಬರು ಚಿಗವ್ವನ ಗುರುತು ಹಿಡಿದರು. ಅವರ ಮಗಳು ಚಿಗವ್ವನ ಹಾಸ್ಟೆಲಿನಲ್ಲಿದ್ದು ಓದಿದವಳಂತೆ. ಅಜ್ಜರ ಮುಖ ಅರಳಿಬಿಟ್ಟಿತು. 'ಬರ್ರಿ ವಾರ್ಡನ್ ಬಾಯಾರ, ಕುಂಡ್ರಿ. ಚಾ ಕುಡದ...' ಎಂದವರು ಅಲ್ಲಿಗೇ ನಿಲ್ಲಿಸಿ, ನಮ್ಮ ಹಿಂದೆ ನಿಂತಿದ್ದ ಮ್ಯಾನೇಜರ್ ಮುಖ ನೋಡಿದರು. ಮ್ಯಾನೇಜರ್ ತಮ್ಮ ವಾಚ್ ನೋಡಿಕೊಂಡರು. 'ಈಗ ಚಾದ ಹೊತ್ತು ಅಲ್ರಿ,' ಅಂದರು ಅಜ್ಜ, ತಪ್ಪು ತಮ್ಮದೇ ಎನ್ನುವ ಹಾಗೆ.

ಐದು ನಿಮಿಷದ ನಂತರ ಆಫೀಸಿನಲ್ಲಿ ನಮಗೆ ಕಪ್-ಬಸಿಯಲ್ಲಿ ಚಹಾ ಬಂತು. ಜೊತೆಗೆ ಬಿಸ್ಕಿಟ್. ಚಿಗವ್ವ ಎರಡನ್ನೂ ಮುಟ್ಟಲಿಲ್ಲ. ಹೊರಗೆ ಬಂದವಳೇ 'ಬ್ಯಾಡ' ಅಂದಳು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಒಳಗೊಳಗೇ ಖುಷಿ. ಅಂದೇ ಸಂಜೆ ನಮ್ಮ ಮನೆಯ ಹಿಂದಿನ ಕೋಣೆಗೆ ಹೊಸ ಫ್ಯಾನ್ ಹಾಕಿಸಿದೆ.

ಎರಡನೆಯದು ಕೆರೂರಿನ ಹತ್ತಿರ, ರಸ್ತೆಯಿಂದ ಸ್ವಲ್ಪ ಒಳಗೆ. ಈ ಸಲ ಚಿಗವ್ವನ ಪ್ಲ್ಯಾನ್ ಬೇರೆ. ಫೋನ್ ಮಾಡುವ ಹಾಗಿಲ್ಲ. ಸರಿಯಾಗಿ ಊಟದ ಹೊತ್ತಿಗೆ ಹೋಗಿ ನಿಲ್ಲಬೇಕು. ಅವರು ಏನು ಉಣ್ಣುತ್ತಾರೋ ಅದನ್ನೇ ಉಂಡು ನೋಡಬೇಕು. ಹಸಿವು ಚೆನ್ನಾಗಿರಲಿ ಎಂದು ಬೆಳಿಗ್ಗೆ ಇಬ್ಬರೂ ಬರೀ ಚಹಾ ಕುಡಿದು ಬಸ್ಸು ಹತ್ತಿದೆವು.

ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ತಪ್ಪು ಹುಡುಕತೊಡಗಿತು. ಗೋಡೆಯ ಸುಣ್ಣ ಕಿತ್ತುಹೋಗಿದೆ. ಟಿವಿ ಸೌಂಡು ಜಾಸ್ತಿ. ಪಡಸಾಲೆಯಲ್ಲಿ ಇಬ್ಬರು ಅಜ್ಜಿಯರು ಚೌಕಾಬಾರ ಆಡುತ್ತಾ ಊರಿಗೆಲ್ಲ ಕೇಳುವಂತೆ ಜಗಳ ಕಾಯುತ್ತಿದ್ದಾರೆ. 'ಕವಡಿ ತಿರುವಿ ಹಾಕಿದಿ, ನಾ ನೋಡೇನಿ!' 'ನಿನ್ನ ಚಾಳೀಸ ಬದಲಿ ಮಾಡಸು ಮೊದಲ!' ನರ್ಸಮ್ಮ ಬಿಪಿ ನೋಡಲು ಒಬ್ಬ ಅಜ್ಜನ ಹಿಂದೆ ಅಂಗಳದ ತುಂಬ ಓಡಾಡುತ್ತಿದ್ದಾಳೆ. ಶಿಸ್ತೇ ಇಲ್ಲ! ಪಾಯಖಾನೆಗೆ ಹೋಗಿ ನೋಡಿದೆ. ನೆಲ ಒಣಗಿತ್ತು, ಹಿಡಿದುಕೊಳ್ಳಲು ಗಟ್ಟಿ ಕಂಬಿ ಇತ್ತು. (ಸ್ವಲ್ಪ ನಿರಾಸೆಯಾಯಿತು.)

ಅಷ್ಟರಲ್ಲಿ ಚೌಕಾಬಾರದಲ್ಲಿ ಸೋತ ಅಜ್ಜಿ ಎದ್ದು ಬಂದರು. ಗುಳೇದಗುಡ್ಡದ ಗಂಗವ್ವ. ಮಾಸಿದರೂ ಠೀವಿ ಬಿಡದ ಖಣದ ಕುಪ್ಪಸ.

'ಯಾರ ಕಡಿಂದ ಬಂದೀರಿ?' ಎಂದು ಕೇಳಿದರು. ಉತ್ತರಕ್ಕೂ ಕಾಯದೆ, 'ಇರ್ಲಿ, ಮೊದಲ ಊಟಕ್ಕ ಏಳ್ರಿ' ಅಂದರು.

ಇದಕ್ಕಾಗಿಯೇ ಬಂದಿದ್ದೆವು. ಇದಕ್ಕಾಗಿಯೇ ಹಸಿದಿದ್ದೆವು. ನಾನೂ ಚಿಗವ್ವನೂ ಒಂದೇ ಉಸಿರಿಗೆ, ರಾಗವಾಗಿ ಹೇಳಿದೆವು: 'ಇಲ್ರೀ, ಈಗ ಆತು!'

ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ? ಮರ್ಯಾದೆ ಇದೆಯಲ್ಲ!

ಗಂಗವ್ವ ಬಿಡಲಿಲ್ಲ. 'ಎಲ್ಲಿ ಆತು?'

'ಕೆರೂರ ಬಸ್ ಸ್ಟ್ಯಾಂಡ್‌ನ್ಯಾಗರಿ,' ಅಂದೆ.

'ಏನ ಉಂಡ್ರಿ?'

'ಇಡ್ಲಿ.'

'ಇಡ್ಲಿಗೆ ಊಟ ಅಂತಾರೇನವಾ?' ಎಂದು ನನ್ನನ್ನೊಮ್ಮೆ ಕನಿಕರದಿಂದ ನೋಡಿ, ಅಡುಗೆಮನೆಯ ಕಡೆ ತಿರುಗಿ ಕೂಗಿದರು. 'ಶಾಂತಾ! ಎರಡ ತಾಟ ಹೆಚ್ಚಿಗಿ ಹಾಕು!'

'ಮೊದಲ ಹೇಳಾಕ ಏನಾಗಿತ್ತ ಅಜ್ಜಿ? ಹಿಟ್ಟ ಮುಚ್ಚಿಟ್ಟೇನಿ ನಾ!' ಒಳಗಿನಿಂದ ಅಡುಗೆಯವಳ ಉತ್ತರ.

'ಮುಚ್ಚಿದ್ದ ತೆಗಿ. ಮಂದಿ ಮನಿಗೆ ಬಂದಾರ, ಕಾಣವಲ್ತೇನು?'

ಒಳಗೆ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು. ಆಮೇಲೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

ಉಂಡೆವು ನೋಡಿ! ಬಿಸಿ ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹಲ್ಲಿಲ್ಲದವರ ತಾಟಿನಲ್ಲಿ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಿಟ್ಟಿದ್ದರು. ಆದರೆ ಅಲ್ಲಿ ಊಟವನ್ನು ಹೊಗಳಿದವರು ನಾವಿಬ್ಬರೇ. ಪಲ್ಯಕ್ಕೆ ಉಪ್ಪಿಲ್ಲ ಎಂದು ಒಬ್ಬರು, ಚಟ್ನಿಗೆ ಬೆಳ್ಳುಳ್ಳಿ ಸಾಲದು ಎಂದು ಇನ್ನೊಬ್ಬರು. 'ಬಿಪಿ ಅಂತ ಹೇಳಿ ನಮ್ಮ ನಾಲಿಗಿ ಕೆಡಿಸಿಬಿಟ್ಟಾರ್ರಿ,' ಎಂದು ಗಂಗವ್ವ ಶಾಂತಾಳ ಎದುರಿಗೇ ನನಗೆ ದೂರು ಕೊಟ್ಟರು. ಶಾಂತಾ ಅವರ ತಾಟಿಗೆ ಇನ್ನೊಂದು ಸೌಟು ಪಲ್ಯ ಹಾಕಿ, 'ಹಂಗಾರ ಬಿಡ್ರಿ, ಉಣಬ್ಯಾಡ್ರಿ' ಎಂದು ಮುಂದೆ ಹೋದಳು.

ಉಣ್ಣುತ್ತಿರುವಾಗ ಆಶ್ರಮ ನೋಡಿಕೊಳ್ಳುವ ಮೇಡಂ ಹೊರಗಿನಿಂದ ಬಂದರು. ಪಂಕ್ತಿಯಲ್ಲಿ ಗುರುತಿಲ್ಲದ ಇಬ್ಬರು! ನಾನು ಗಾಬರಿಯಿಂದ ಅರ್ಧ ಎದ್ದೆ. ಗಂಗವ್ವ ತಲೆ ಕೂಡ ಎತ್ತದೆ, 'ನಮ್ಮವರದಾರ' ಅಂದರು. ಮೇಡಂ ಅಷ್ಟಕ್ಕೇ ತೃಪ್ತರಾಗಿ, 'ಶಾಂತಾ, ಇವರಿಗೆ ಮಜ್ಜಿಗಿ ಕೊಟ್ಟಿಯೇನು?' ಎಂದು ಕೇಳಿ ಕೈ ತೊಳೆಯಲು ಹೋದರು. ನಾವು ಯಾರು, ಯಾಕೆ ಬಂದಿದ್ದೇವೆ ಎನ್ನುವ ವಿಚಾರಣೆ ನಡೆದದ್ದು ಊಟವಾದ ಮೇಲೆ.

ವಾಪಸ್ ಬಸ್ಸಿಗೆ ಕಾಯುವಾಗ ನಾನು ಕೊನೆಯ ಪ್ರಯತ್ನ ಮಾಡಿದೆ.

'ಚಿಗವ್ವಾ, ಗ್ವಾಡಿ ಸುಣ್ಣ ಎಲ್ಲಾ ಹೋಗೇತಿ.'

'ಗ್ವಾಡಿ ಜೋಡಿ ಸಂಸಾರ ಮಾಡಾಕ ಹೊಂಟಿಲ್ಲ ನಾ.'

'ಭಾಳ ಗದ್ದಲ ಐತಿ.'

'ನನ್ನ ಹಾಸ್ಟೆಲ್‌ನ್ಯಾಗ ಏನ ಮೌನವ್ರತ ಇತ್ತೇನು?'

ನನಗೆ ಅಳುವೇ ಬಂತು. 'ನಮ್ಮ ಮನಿಗೆ ಏನಾಗೇತಿ ಚಿಗವ್ವಾ? ನಾ ನಿನ್ನ ಛಲೋ ನೋಡಿಕೊಳ್ಳೂದಿಲ್ಲೇನು?'

ಅವಳು ನನ್ನ ಕೈ ಹಿಡಿದುಕೊಂಡಳು. 'ನೋಡಿಕೋತಿ, ಹುಚ್ಚಿ. ನೀ ನೋಡಿಕೊಂಡಷ್ಟು ಯಾರೂ ನೋಡಿಕೊಳ್ಳೂದಿಲ್ಲ. ಆದರ ಎರಡ ತಾಟ ಹೆಚ್ಚಿಗಿ ಹಾಕು ಅಂತ ನಿನ್ನ ಮನ್ಯಾಗ ನಾ ಹೆಂಗ ಕೂಗ್ಲಿ? ಆ ಇಳಕಲ್ಲ ಅಜ್ಜ ಮ್ಯಾನೇಜರ್ ಮಾರಿ ನೋಡಿದ್ರಲ್ಲ, ಹಂಗ ನಾನೂ ಮೊದಲ ನಿನ್ನ ಮಾರಿ ನೋಡಬೇಕು.'

ಹಾಗೇನಿಲ್ಲ ಎನ್ನಲು ಬಾಯಿ ತೆರೆದೆ. ನಮ್ಮ ಮನೆಯ ದಿನಚರಿಯೆಲ್ಲ ಕಣ್ಣ ಮುಂದೆ ಬಂತು. ಕುಕ್ಕರ್ ಎಷ್ಟು ಹೊತ್ತಿಗೆ, ಗ್ಯಾಸ್ ಯಾರು ಹಚ್ಚುತ್ತಾರೆ, ಹೇಳದೆ ಕೇಳದೆ ಯಾರಾದರೂ ಬಂದರೆ ನನ್ನ ಮುಖ ಹೇಗಾಗುತ್ತದೆ. ಬಾಯಿ ಮುಚ್ಚಿದೆ. ನವನಗರದಲ್ಲಿ ಇಳಿಯುವ ಹೊತ್ತಿಗೆ 'ಆತು, ನನಗೂ ಒಪ್ಪಿಗಿ' ಅಂದೆ. ಬೇಜಾರೇನೋ ಆಯಿತು. ಚಿಗವ್ವ ಮಾತ್ರ ಹೊಸ ಹಾಸ್ಟೆಲಿಗೆ ಅಡ್ಮಿಷನ್ ಸಿಕ್ಕ ಹುಡುಗಿಯ ಹಾಗೆ ಟ್ರಂಕು ತೆಗೆದುಕೊಳ್ಳಲೋ ಸೂಟ್‌ಕೇಸೋ ಎಂದು ಮನೆ ಮುಟ್ಟುವವರೆಗೂ ಮಾತಾಡಿದಳು.

ಈಗ ಅವಳು ಕೆರೂರಿನವಳು. ಹೋದ ಭಾನುವಾರ ನಾನೂ ನನ್ನ ಗಂಡನೂ ನೋಡಲು ಹೋಗಿದ್ದೆವು. ಚಿಗವ್ವ ಗಂಗವ್ವನ ಎದುರು ಚೌಕಾಬಾರ ಹಿಡಿದು ಕೂತಿದ್ದಳು. ನಮ್ಮನ್ನು ಕಂಡವಳೇ ಕವಡೆ ಕೆಳಗಿಟ್ಟು, ತನ್ನ ಹಳೇ ವಾರ್ಡನ್ ಗಂಟಲಿನಲ್ಲಿ ಶಾಂತಾಳಿಗೆ ಅಪ್ಪಣೆ ಕೊಟ್ಟಳು. ಒಳಗಿನಿಂದ ಎದುರು ಮಾತು ಬಂತು. ಇವಳು ಅದಕ್ಕೆ ಇನ್ನೊಂದು ಕೊಟ್ಟಳು. ನನ್ನ ಗಂಡ ಗಾಬರಿಯಾದರು. ನಾನು ನೆಮ್ಮದಿಯಾಗಿ ಚಾಪೆ ಹಾಸಿಕೊಂಡು ಕೂತೆ.

ಅವತ್ತಿನಿಂದ ನನ್ನ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿದೆ, ಆಶ್ರಮಗಳ ಬಗ್ಗೆ ಅಲ್ಲ. ನಿಮ್ಮ ಮನೆಯ ಹಿರಿಯರು, ತಮ್ಮವರು ಯಾರಾದರೂ ಬಂದಾಗ, 'ಚಹಾ ಇಡು' ಎನ್ನುವ ಮೊದಲು ಯಾರ ಮುಖ ನೋಡುತ್ತಾರೆ?