ಹಳ್ಳದ ಕರೆಂಟಿನ ಸುಬ್ಬೇಗೌಡರು

ಸುಬ್ಬೇಗೌಡರು ಸರ್ಕಾರದ ಯಾವ ಕಾಗದವನ್ನೂ ಮೇಲಿನಿಂದ ಓದಿದವರಲ್ಲ. ಮೊದಲು ಕೆಳಗಿನ ಸಹಿ, ಆಮೇಲೆ ಸೀಲು, ತಿರುಗಿಸಿ ಕಾಗದದ ಬೆನ್ನು, ಕೊನೆಗೆ ವಿಷಯ. "ಬರ್ದೋನು ಯಾರು ಅಂತ ಗೊತ್ತಾದ್ರೆ ಏನು ಬರ್ದಿದಾನೆ ಅನ್ನೋದು ಅರ್ಧ ಗೊತ್ತಾಯ್ತು" ಎನ್ನುತ್ತಿದ್ದರು. ನಾನು ಜಾವಳಿ ಕಡೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಅವರ ಮನೆ ಶಾಲೆಯ ಹಿಂದಿನ ಗುಡ್ಡದಲ್ಲಿತ್ತು. ಮೂರೆಕರೆ ಕಾಫಿ, ಹೆಂಡತಿ ಗಿರಿಜಮ್ಮ, ಮತ್ತು ಊರಿಗೆಲ್ಲ ಹಂಚಿದರೂ ಮಿಗುವಷ್ಟು ಅನುಮಾನ.

ಅನುಮಾನಕ್ಕೆ ಕಾರಣವೂ ಇತ್ತು. ತೊಂಬತ್ತರ ದಶಕದಲ್ಲಿ ಒಂದು ಚುನಾವಣೆಗೆ ಮುಂಚೆ ನಮ್ಮೂರ ರಸ್ತೆ ಬದಿಗೆ ಕರೆಂಟು ಕಂಬಗಳು ಬಂದು ಬಿದ್ದವು. ಊರೆಲ್ಲ ಹಿಗ್ಗಿತು. ಗೌಡರು ಮಾತ್ರ ಒಂದೊಂದು ಕಂಬಕ್ಕೂ ಕೆಂಪು ಪೇಂಟಿನ ಬೊಟ್ಟಿಟ್ಟು ಬಂದರು. ನಾವು ನಕ್ಕೆವು. ಮತ ಎಣಿಸಿದ ವಾರಕ್ಕೆ ಕಂಬಗಳು ಲಾರಿ ಹತ್ತಿ ಹೋದವು. ಮುಂದಿನ ಚುನಾವಣೆಯಲ್ಲಿ ಬಣಕಲ್ ಆಚೆ ಇನ್ನೊಂದು ಊರಿನ ರಸ್ತೆ ಬದಿಯಲ್ಲಿ ಅವೇ ಕಂಬಗಳು ಬೊಟ್ಟಿನ ಸಮೇತ ಮಲಗಿದ್ದವು. ಗೌಡರು ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದರು.

ಆಮೇಲೊಮ್ಮೆ ಸರ್ಕಾರದ ಇನ್ನೊಂದು ಇಲಾಖೆಯ ಅಧಿಕಾರಿ ಜೀಪಿನಲ್ಲಿ ಬಂದರು. ಹಳ್ಳದ ನೀರಿಗೆ ಸಣ್ಣ ಟರ್ಬೈನು ಕೂರಿಸಿ ಮನೆಗೆ ಬೇಕಾದ ಕರೆಂಟು ಮಾಡಿಕೊಳ್ಳಬಹುದು, ಅರ್ಧ ಖರ್ಚು ಸರ್ಕಾರದ್ದು ಎಂದರು. ಇದನ್ನು ತಗೊಂಡರೆ ನಾಳೆ ಕಂಬದ ಲೈನು ತಪ್ಪುತ್ತದೆಯೇ ಎಂದು ಗೌಡರು ಕೇಳಿದರು. ಲೈನು ಎಳೆಯುವವರು ಬೇರೆ, ನಾವು ಬೇರೆ ಎಂದು ಅಧಿಕಾರಿ ನಕ್ಕರು.

"ಅದೇ ನಂಗೆ ಹೆದ್ರಿಕೆ ಮಾರಾಯ್ರೆ. ನೀವು ಕೊಟ್ಟಿದ್ದು ಅವ್ರಿಗೆ ಗೊತ್ತಿರಲ್ಲ, ಅವ್ರು ಕಿತ್ಕೊಂಡಿದ್ದು ನಿಮಗೆ ಗೊತ್ತಾಗಲ್ಲ" ಎಂದ ಗೌಡರು ಅಧಿಕಾರಿ ತಂದಿದ್ದ ಅರ್ಜಿಯನ್ನು ನನ್ನ ಕೈಗೆ ಕೊಟ್ಟರು. ನಾನು ಎರಡು ಸಲ ಓದಿ, ಅಂಥದ್ದೇನೂ ಇಲ್ಲ, ಸಹಿ ಹಾಕಿ ಎಂದೆ. ಹಾಕಿದರು.

ಮಳೆಗಾಲವಿಡೀ ಅವರ ಮನೆ ಝಗಝಗ. ಆದರೆ ಫೆಬ್ರವರಿ ಹೊತ್ತಿಗೆ ಹಳ್ಳ ಸೊರಗಿ ಬಲ್ಬು ಕೆಂಪಗಾಗುತ್ತಿತ್ತು, ಆಮೇಲೆ ಜೂನ್ ತನಕ ಸೀಮೆಎಣ್ಣೆ ಬುಡ್ಡಿ. ಆ ಹೊಗೆಗೆ ಗಿರಿಜಮ್ಮನ ದಮ್ಮು ಕೆರಳುತ್ತಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಆಕೆ ಗೋಡೆ ಹಿಡಿದು ನಡೆಯುವಂತಾಗುತ್ತಿದ್ದರು. ಗೌಡರಿಗೆ ಲೈನು ಬೇಕಿದ್ದದ್ದು ಇದಕ್ಕೆ.

ಎರಡು ಸಾವಿರದ ಇಸವಿಯ ನಂತರ, ಲೈನು ಎಳೆಯಲೆಂದು ಕತ್ತಲ ಮನೆಗಳ ಪಟ್ಟಿ ಮಾಡುವ ಕೆಲಸ ಮೇಷ್ಟ್ರುಗಳ ತಲೆಗೆ ಬಂತು. ಆಗಸ್ಟಿನ ಒಂದು ಸಂಜೆ ಗುಡ್ಡ ಹತ್ತಿದೆ. ದೂರದಿಂದ ಉರಿಯುತ್ತಿದ್ದ ದೀಪ ನಾನು ಅಂಗಳಕ್ಕೆ ಬರುವಷ್ಟರಲ್ಲಿ ಆರಿಹೋಗಿತ್ತು. ಕತ್ತಲಲ್ಲಿ ಗೌಡರು ನನ್ನ ಮುಖ ನೋಡಿ, "ಓ ನೀವಾ ಮೇಷ್ಟ್ರೇ? ಪಟ್ಟಿಯೋರು ಯಾರೋ ಅನ್ಕೊಂಡು ನೀರು ನಿಲ್ಸಿದ್ದೆ" ಎಂದು ಹೋಗಿ ವಾಲ್ವು ತಿರುಗಿಸಿದರು. ದೀಪ ಹತ್ತಿಕೊಂಡಿತು. ಆ ಬೆಳಕಿನಲ್ಲೇ ಗಿರಿಜಮ್ಮ ಕೊಟ್ಟ ಕಾಫಿ ಕುಡಿದು ಫಾರಂ ತುಂಬಿದೆ. 'ಮನೆಯಲ್ಲಿ ವಿದ್ಯುತ್ ಇದೆಯೇ?' ಎಂಬಲ್ಲಿ 'ಇದೆ' ಎಂದು ಬರೆದೆ. ಸುಳ್ಳು ಬರೆದು ಅಭ್ಯಾಸವಿರಲಿಲ್ಲ. ಬೇಸಿಗೆಯ ನೆನಪೂ ಆಗಲಿಲ್ಲ. ಗೌಡರು ಫಾರಮ್ಮನ್ನು ನೋಡದೆ ಸಹಿ ಹಾಕಿದರು.

ಮರುವರ್ಷ ಲೈನು ಬಂತು. ಕಂಬಗಳು ಗುಡ್ಡದ ಬುಡದಲ್ಲೇ ತಿರುಗಿ ಆಚೆ ಕೇರಿಗೆ ಹೋದವು. ಗೌಡರ ಮನೆ ಪಟ್ಟಿಯಲ್ಲಿರಲಿಲ್ಲ. ಎರಡು ಬೇಸಿಗೆ ಕಳೆಯುವುದರಲ್ಲಿ ಗಿರಿಜಮ್ಮ ತೀರಿಕೊಂಡರು. ಆಕೆಗೆ ವಯಸ್ಸಾಗಿತ್ತು ಎಂದು ಎಲ್ಲರೂ ಹೇಳಿದರು. ನನಗೆ ಹಾಗೆ ಹೇಳಿಕೊಳ್ಳಲು ಇವತ್ತಿಗೂ ಆಗಿಲ್ಲ.

ವರ್ಗವಾಗಿ ಕಳಸಕ್ಕೆ ಹೊರಡುವ ಮುನ್ನ, ತಪ್ಪು ನನ್ನದು, ಇವರ ಮನೆಗೆ ಲೈನು ಕೊಡಿ ಎಂದು ಅರ್ಜಿ ಬರೆದು ಒಯ್ದೆ. ಗೌಡರು ಬಯ್ಯಲಿಲ್ಲ. ಬೆಂಚು ಒರೆಸಿ ಕೂರಿಸಿದರು, ಕಾಫಿಯನ್ನು ತಾವೇ ಕಾಸಿ ಕೊಟ್ಟರು. ಅದೇ ನಮ್ಮ ಕೊನೆಯ ಭೇಟಿ. ಅರ್ಜಿ ಚಾಚಿದಾಗ ಕನ್ನಡಕ ಹಾಕಿಕೊಂಡು, ಮೊದಲು ಕೆಳಗಿದ್ದ ನನ್ನ ಸಹಿ ನೋಡಿದರು. ಆಮೇಲೆ ಕಾಗದ ತಿರುಗಿಸಿ ಅದರ ಬೆನ್ನು ನೋಡಿದರು.