ಮುಂದಿನ ಸಾಲಿನ ವೆಂಕಟರವಣಪ್ಪ

ಯಾರ ಮನೆಗೆ ಬಂದರೂ ವೆಂಕಟರವಣಪ್ಪನವರು ಮೊದಲು ಆಡುತ್ತಿದ್ದ ಮಾತು "ಸುಸ್ತಾಯ್ತಪ್ಪ." ಚಪ್ಪಲಿ ಬಿಡುವುದು ಆಮೇಲೆ. ಕೊರಳಲ್ಲಿ ದರ್ಜಿಯ ಟೇಪು ನೇತಾಡುತ್ತಿರುತ್ತಿತ್ತು. ಅಂಗಡಿಯಿಂದ ಹೊರಡುವಾಗ ತೆಗೆದಿಡಲು ಮರೆತಿದ್ದಾರೆ ಎಂದು ಮೊದಮೊದಲು ನಾನು ಅಂದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಒಮ್ಮೆ ಯಾರದೋ ಮಣ್ಣಿಗೆ ಹೋದಾಗಲೂ ಅದು ಅಲ್ಲೇ ಇದ್ದದ್ದು ಕಂಡ ಮೇಲೆ ಹಾಗೆ ಅಂದುಕೊಳ್ಳುವುದನ್ನು ಬಿಟ್ಟೆ.

ಚಿಕ್ಕಬಳ್ಳಾಪುರದ ಬಜಾರಿನಲ್ಲಿ ಅವರ ಅಂಗಡಿ. ಒಂದು ಹೊಲಿಗೆ ಮಿಷನ್ನು, ಒಂದು ಸ್ಟೂಲು ಇಟ್ಟರೆ ಗಿರಾಕಿ ಬೀದಿಯಲ್ಲೇ ನಿಂತು ಅಳತೆ ಕೊಡಬೇಕು. ಐವತ್ತರ ದಶಕದಲ್ಲಿ ಊರೂರಿಗೂ ಒಂದೊಂದು ನಾಟಕದ ಸೆಟ್ಟು ಇತ್ತಲ್ಲ, ಸುತ್ತಮುತ್ತಲಿನ ಅಷ್ಟೂ ತಂಡಗಳ ರಾಜರಿಗೆ ಕೋಟು ಹೊಲಿದವರು ಇವರೇ. ತಾವು ಮಾತ್ರ ಒಂದು ದಿನವೂ ಬಣ್ಣ ಹಚ್ಚಿದವರಲ್ಲ. ಆದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಕಡೆಯ ಆಡುವವರನ್ನೂ ಬರೆಯುವವರನ್ನೂ ಸೇರಿಸಿ ಒಂದು ಕಲಾಬಳಗ ಕಟ್ಟಿದರು. ನಾವು ಇಪ್ಪತ್ತಮೂರು ಜನ ಸದಸ್ಯರು. ಚಂದಾ ಇರಲಿಲ್ಲ.

"ಕಾಸು ಯಾರು ಬೇಕಾದ್ರೂ ಬಿಸಾಕ್ತಾರೆ ನಾಯನಾ," ಎನ್ನುತ್ತಿದ್ದರು. "ಬಂದು ಕೂತ್ಕೊಳ್ಳೋರೇ ಇಲ್ಲ."

ಬಳಗದ ಕಟ್ಟಳೆ ಅದೊಂದೇ. ಒಬ್ಬ ಸದಸ್ಯನ ನಾಟಕವೋ ಹರಿಕಥೆಯೋ ಚಿತ್ರಪ್ರದರ್ಶನವೋ ಇದ್ದರೆ ಉಳಿದವರೆಲ್ಲ ಬಂದು ಕೂತು ಕೊನೆಯವರೆಗೆ ನೋಡಬೇಕು. ಪ್ರತಿಯೊಬ್ಬರಿಗೂ ಅವರೇ ಕಾರ್ಡು ಬರೆಯುತ್ತಿದ್ದರು. ಕೆಳಗೆ ಕೋರ್ಟಿನ ಹುಕುಮಿನ ಹಾಗೆ ಮೂರು ವಾಕ್ಯ: "ಬರತಕ್ಕದ್ದು. ಕೂರತಕ್ಕದ್ದು. ನಡುವೆ ಏಳತಕ್ಕದ್ದಲ್ಲ."

ನಾನು ಬಳಗ ಸೇರುವ ಮೊದಲಿನ ಮಾತು. ಆಗ ಶಿಡ್ಲಘಟ್ಟದಲ್ಲಿ ಡ್ರಾಯಿಂಗ್ ಮೇಷ್ಟ್ರು. ಹುಮ್ಮಸ್ಸಿನಲ್ಲಿ ಒಂದು ಭಾನುವಾರ ಶಾಲೆಯ ಕೊಠಡಿಯಲ್ಲಿ ನನ್ನ ಹನ್ನೊಂದು ಚಿತ್ರ ನೇತುಹಾಕಿದೆ. ಹೆಡ್ ಮಾಸ್ಟರು ಬಾಗಿಲಲ್ಲಿ ಇಣುಕಿ, ಗೋಡೆಗೆ ಎಷ್ಟು ಮೊಳೆ ಹೊಡೆದಿದ್ದೇನೆಂದು ನೋಡಿ ಹೋದರು. ಮತ್ತೊಬ್ಬರು ಬರಲಿಲ್ಲ. ಕುಂಚಗಳನ್ನು ಅಟ್ಟಕ್ಕೆ ಹಾಕಿಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿ ಕೂತಿದ್ದಾಗ ಗುರುತಿಲ್ಲದ ಈ ಮನುಷ್ಯ ಬಂದು "ಸುಸ್ತಾಯ್ತಪ್ಪ" ಎಂದು ಮಕ್ಕಳ ಬೆಂಚಿನೊಳಗೆ ಕಾಲು ತೂರಿಸಿಕೊಂಡು ಕೂತರು. ಸಂಜೆಯವರೆಗೂ ಹೋಗಲಿಲ್ಲ. ಬುತ್ತಿ ಬಿಚ್ಚಿ ಅಲ್ಲೇ ಉಂಡರು. ಒಂದೊಂದು ಚಿತ್ರವನ್ನೂ ಅರ್ಧರ್ಧ ಗಂಟೆ ನೋಡಿದರು. ಕೊನೆಗೆ ಎದ್ದು ನನ್ನ ಎಮ್ಮೆಯ ಚಿತ್ರದ ಮೇಲೆ ಟೇಪು ಹಿಡಿದರು.

"ಎಡಗಡೆ ಭುಜ ಬಿಗಿಯಾಯ್ತು ಮೇಷ್ಟ್ರೇ."

"ಎಮ್ಮೆಗೇನು ಕೋಟು ಹೊಲಿಸಬೇಕಾ?" ಎಂದೆ ಸಿಟ್ಟಿನಲ್ಲಿ.

"ಕೋಟು ಬೇಡ. ನಡೀಬೇಕಲ್ಲ ಅದು?"

ಆ ಎಮ್ಮೆ ನಡೆಯುವಂತಿರಲಿಲ್ಲ, ನಿಜ. ಕುಂಚ ಅಟ್ಟಕ್ಕೆ ಹೋಗಲಿಲ್ಲ. ನಾನು ಆಮೇಲೆ ಬರೆದ ಎಲ್ಲವೂ ಆ ಒಂದು ದಿನದ ಕೂರುವಿಕೆಯ ಋಣ ಎಂದು ಈಗಲೂ ನಂಬಿದ್ದೇನೆ.

ಹಾಗೆಂದು ಬಳಗ ಸುಖದ್ದಾಗಿತ್ತು ಎಂದು ಸುಳ್ಳು ಹೇಳಲಾರೆ. ವಾರವೆಲ್ಲ ಮಕ್ಕಳ ಹತ್ತಿರ ಗಂಟಲು ಹರಿದುಕೊಂಡು, ಭಾನುವಾರ ಧೂಳು ಕುಡಿಯುತ್ತ ಚಿಂತಾಮಣಿಗೆ ಬಸ್ಸಿನಲ್ಲಿ ಹೋಗಿ, ಬಾಯಿಪಾಠವಾಗಿದ್ದ ಹರಿಕಥೆಯನ್ನೇ ಮತ್ತೆ ಮೂರು ಗಂಟೆ ಕೇಳುವುದೆಂದರೆ ಸಾಕುಸಾಕಾಗುತ್ತಿತ್ತು. ಮಂಡಿಕಲ್ಲು ಎಂಬ ಹಳ್ಳಿಯಲ್ಲಿ ಒಮ್ಮೆ ತೊಗಲುಗೊಂಬೆ ಆಟದ ನಡುವೆ ಮಳೆ ಬಂದು ಜನ ಚೆದುರಿದರು. ಇವರು ಕೊಡೆ ಬಿಚ್ಚಿ ಕೂತೇ ಇದ್ದರು. ಅರ್ಧ ಕೊಡೆಯ ಕೆಳಗೆ ನಾನೂ ಶಪಿಸುತ್ತ ಕೂತಿದ್ದೆ.

"ಏಳಿ ಅಂದ್ರೆ," ಎಂದೆ.

"ಗೊಂಬೆ ಆಡ್ಸೋನು ಎದ್ದಿಲ್ಲ. ನಾನು ಹೆಂಗೆ ಏಳ್ಲಿ?"

ಅರವತ್ತರ ದಶಕ ಬರುವಷ್ಟರಲ್ಲಿ ನಮ್ಮ ನೆಪಗಳು ಹೆಚ್ಚಿದವು. ಮಗುವಿಗೆ ಜ್ವರ, ಬಸ್ಸು ತಪ್ಪಿತು, ನೆಂಟರು ಬಂದರು. ಅವರು ಯಾರನ್ನೂ ಬೈಯಲಿಲ್ಲ. ಖಾಲಿ ಜಾಗ ನೋಡಿ, ಬಟ್ಟೆ ಅರ್ಧ ಗಜ ಕಡಿಮೆ ಬಿದ್ದಾಗಿನ ಮುಖ ಮಾಡುತ್ತಿದ್ದರು, ಅಷ್ಟೇ.

ಒಂದು ದಿನ ಅಂಗಡಿಯಲ್ಲಿ ರಾಜನ ಕೋಟಿಗೆ ಜರಿ ಕೂರಿಸುತ್ತ ಕೇಳಿದರು. "ಮೇಷ್ಟ್ರೇ, ನಾಟಕದಲ್ಲಿ ಬಾಗಿಲು ಕಾಯೋನು ಇರ್ತಾನಲ್ಲ, ಈಟಿ ಹಿಡ್ಕೊಂಡು? ಎಲ್ಲಾ ನೋಡ್ತಾನೆ. ಎಲ್ಲಾ ಕೇಳ್ತಾನೆ. ಏನ್ ಕಂಡೆ ಅಂತ ಅವನನ್ನ ಯಾರಾದ್ರೂ ಕೇಳಿದ್ದಾರಾ?"

ಕೇಳಿಲ್ಲ ಎಂದೆ.

"ನಾನು ಬರೆದಿದ್ದೀನಿ," ಎಂದರು, ಜರಿಯಿಂದ ಕಣ್ಣೆತ್ತದೆ. "ಒಬ್ನೇ ಆಡೋ ನಾಟಕ. ಆಡಿಬಿಡ್ತೀನಿ ಒಂದ್ಸಲ. ಅಷ್ಟಾದ್ರೆ ಸಾಕು."

ಕಿವಿ ಕೆಂಪಾಗಿತ್ತು ಅವರಿಗೆ. ಅರವತ್ತು ದಾಟಿದ ಮನುಷ್ಯ.

ಹದಿನೈದು ದಿನದಲ್ಲಿ ಕಾರ್ಡು ಬಂತು. ಗೌರಿಬಿದನೂರಿನ ಶಾಲೆಯಲ್ಲಿ, ಭಾನುವಾರ ಮಧ್ಯಾಹ್ನ ಎರಡಕ್ಕೆ. ಕೆಳಗೆ ಬರತಕ್ಕದ್ದು, ಕೂರತಕ್ಕದ್ದು ಇರಲಿಲ್ಲ. "ಬಿಡುವಾದರೆ ಬನ್ನಿ" ಎಂದಿತ್ತು.

ನಾನು ಹೋಗಲಿಲ್ಲ. ಪರೀಕ್ಷೆಯ ಪೇಪರುಗಳ ರಾಶಿ ಇತ್ತು, ಮೈಕೈ ನೋವಿತ್ತು. ಇಷ್ಟು ಜನರಲ್ಲಿ ನಾನೊಬ್ಬ ಇಲ್ಲದಿದ್ದರೆ ಗೊತ್ತಾಗುತ್ತದೆಯೇ, ಚಿಂತಾಮಣಿಯವರಂತೂ ಹೋಗೇ ಹೋಗುತ್ತಾರೆ ಎಂದುಕೊಂಡು ಉಂಡು ಮಲಗಿದೆ. ಗೌರಿಬಿದನೂರಿನವರು ಊರಲ್ಲೇ ಇದ್ದಾರಲ್ಲ ಎಂದು ಚಿಂತಾಮಣಿಯವರೂ ಚಿಕ್ಕಬಳ್ಳಾಪುರದವರೂ ಅಂದುಕೊಂಡರಂತೆ. ಗೌರಿಬಿದನೂರಿನವರು, ಮೂರು ಊರಿನ ಜನ ಬಂದರೆ ನಮಗೆಲ್ಲಿ ಜಾಗ ಎಂದು ಒಂದು ನಾಮಕರಣಕ್ಕೆ ಹೋಗಿದ್ದರು.

ಇದು ನನಗೆ ಆಗ ತಿಳಿಯಲಿಲ್ಲ. ಮುಂದಿನ ಭಾನುವಾರ ನಮ್ಮೂರಿನ ನಾಟಕಕ್ಕೆ ಅವರು ಎಂದಿನಂತೆ ಬಂದರು, ಮುಂದಿನ ಸಾಲಿನಲ್ಲಿ ಕೂತರು.

"ಹೇಗಾಯ್ತು ನಿಮ್ಮದು?" ಎಂದೆ.

"ಆಯ್ತಪ್ಪ," ಎಂದರು. "ಸುಸ್ತಾಯ್ತು."

ಕೆಲವು ತಿಂಗಳ ಮೇಲೆ ಕೆಲಸದ ಮೇಲೆ ಗೌರಿಬಿದನೂರಿನ ಆ ಶಾಲೆಗೆ ಹೋಗಿದ್ದೆ. ಅಲ್ಲಿಯ ಜವಾನ ತಾನಾಗಿ ಮಾತು ತೆಗೆದ. "ಟೇಪು ಹಾಕ್ಕೊಂಡು ಬರ್ತಾರಲ್ಲ, ಅವರು ನಿಮ್ಮೋರಾ ಸ್ವಾಮಿ? ಮೂರು ಗಂಟೆ ತನಕ ಕಾದ್ರು. ಒಬ್ರೂ ಬರ್ಲಿಲ್ಲ. ಆಮೇಲೆ ಟೇಪು ತೆಗೆದಿಟ್ಟು, ಪೂರ್ತಿ ಆಡಿದ್ರು. ನಾನು ಬಾಗಿಲಲ್ಲಿ ನಿಂತಿದ್ದೆ. ಬೀಗ ಹಾಕ್ಬೇಕಿತ್ತಲ್ಲ."

ಮಾರನೆಯ ದಿನವೇ ಚಿಕ್ಕಬಳ್ಳಾಪುರಕ್ಕೆ ಹೋದೆ. ಅವರು ಇಳಿದುಹೋಗಿದ್ದರು, ನಡುನಡುವೆ ಕೆಮ್ಮುತ್ತಿದ್ದರು.

"ಬಾಗಿಲು ಕಾಯೋನ ನಾಟಕ ಈಗ ಆಡಿ. ನಾನು ನೋಡ್ತೀನಿ," ಎಂದೆ.

ಮಿಷನ್ನು ನಿಲ್ಲಿಸಿ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಆಗಲ್ಲ ಮೇಷ್ಟ್ರೇ. ಒಂದ್ಸಲಕ್ಕೇ ಇಟ್ಕೊಂಡಿದ್ದೆ ಅದನ್ನ. ಬಂದಿದ್ದೀರಲ್ಲ, ಕೂತ್ಕೊಳ್ಳಿ."

ಸ್ಟೂಲಿನ ಮೇಲೆ ಕೂತೆ. ಅವರು ಹೊಲಿಯುತ್ತ ಹೋದರು. ಸಂಜೆ ಹಲಗೆ ಜೋಡಿಸಿ ಅಂಗಡಿ ಮುಚ್ಚುವವರೆಗೂ ನಾನು ಏಳಲಿಲ್ಲ. ಅದೇ ಕೊನೆಯ ಭೇಟಿ.

ಅವರು ಹೋದ ಮೇಲೆ ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ಸಂತಾಪ ಸಭೆ ಮಾಡಿದೆವು. ಕಾರ್ಡು ಬರೆಯಲು ಯಾರೂ ಇರಲಿಲ್ಲ, ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಹರಿಕಥೆಯವರು ಎಂದಿನಂತೆ ಉದ್ದಕ್ಕೆ ಮಾತಾಡಿದರು. ಬೆಂಚು ಗಟ್ಟಿಯಿತ್ತು, ಸೆಖೆಯಿತ್ತು. ನಾಲ್ಕೂ ಊರಿನಿಂದ ಎಲ್ಲರೂ ಬಂದಿದ್ದರು, ಒಬ್ಬರೂ ತಪ್ಪಿರಲಿಲ್ಲ. ಮುಗಿಯುವವರೆಗೂ ಯಾರೂ ನಡುವೆ ಏಳಲಿಲ್ಲ.